ಪುಟದ ಮೇಲಿನ ಸಾಲು

ಔಷಧಿ ಅಂಗಡಿಯಾಕೆ ಮೇಷ್ಟ್ರ ಎದೆಯ ಮೇಲೆ ಹೂವಿಟ್ಟು ಕೈ ಹಿಂದೆಗೆಯುವಷ್ಟರಲ್ಲಿ ಫೋನು ನಡುಗಿತು. ಗೋಡೆಯ ಕಡೆಗೆ ಸರಿದು ನೋಡಿದಳು. ಸರಬರಾಜು ಮಾಡುವವರ ಸಂದೇಶ: ಮೊನ್ನೆ ಕಳಿಸಿದ ಮಕ್ಕಳ ಕೆಮ್ಮಿನ ಸಿರಪ್ಪಿನಲ್ಲಿ ದೋಷ ಕಂಡಿದೆ, ಮಾರಬೇಡಿ, ಮಾರಿದ್ದರೆ ಕುಡಿಸದಂತೆ ತಕ್ಷಣ ತಿಳಿಸಿ.

ಆರು ಬಾಟಲಿ ಮಾರಿದ್ದಳು. ಗುರುತಿನ ನಾಲ್ವರಿಗೆ ಹೊರಬಾಗಿಲಲ್ಲೇ ನಿಂತು ಫೋನ್ ಮಾಡಿದಳು. ಉಳಿದಿಬ್ಬರು ಅಂಗಡಿಯ ವೆಬ್‌ಸೈಟ್ ನೋಡಿಕೊಂಡು ಬಂದ ಹೊಸಬರು. ಹೆಸರೂ ಗೊತ್ತಿಲ್ಲ, ನಂಬರೂ ಇಲ್ಲ. ಆ ಪುಟದ ಮೇಲಿನ ಸಾಲು ಈಗಲೂ 'ಮಕ್ಕಳ ಕೆಮ್ಮಿಗೆ ಹೊಸ ಸಿರಪ್ ಬಂದಿದೆ' ಎನ್ನುತ್ತಿತ್ತು. ಅದನ್ನು ಬದಲಿಸಬೇಕು. ಇಂಥ ಹೊತ್ತಿನಲ್ಲಿ ಅವಳು ಕೇಳುತ್ತಿದ್ದುದು ಮೇಷ್ಟ್ರನ್ನೇ. ಪಾಸ್‌ವರ್ಡ್ ಕೂಡ ನೆನಪಿರಲಿಲ್ಲ.

ನಾಚಿಕೆ ಬಿಟ್ಟು ಮೇಷ್ಟ್ರ ಹೆಂಡತಿಯ ಪಕ್ಕ ಕುಳಿತು, ಮೇಷ್ಟ್ರು ತನ್ನ ಪಾಸ್‌ವರ್ಡ್ ಎಲ್ಲಾದರೂ ಬರೆದಿಟ್ಟಿದ್ದರೇ ಎಂದು ಕಿವಿಯಲ್ಲಿ ಕೇಳಿದಳು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅವರು ಯಾರದ್ದೂ ಬರೆದಿಟ್ಕೋತಿರ್ಲಿಲ್ಲ ಕಣಮ್ಮ," ಎಂದರು.

*

ಮೇಷ್ಟ್ರು ಹಿಂದೆ ವೆಬ್‌ಸೈಟ್ ಮಾಡಿಕೊಡುವ ಕಂಪನಿಯೊಂದರಲ್ಲಿದ್ದರು. ಅಲ್ಲಿ ಒಂದು ಅಕ್ಷರ ಬದಲಿಸಬೇಕಾದರೂ ಅಂಗಡಿಯವರು ಕಂಪನಿಯ ಬಾಗಿಲು ಕಾಯಬೇಕಿತ್ತು. ಅಂಗಡಿ ಬದಲಿಸಿದ ದರ್ಜಿಯೊಬ್ಬ ಹೊಸ ವಿಳಾಸ ಹಾಕಿಸಲು ಮೂರು ತಿಂಗಳು ಅಲೆದ. ಅಷ್ಟೂ ದಿನ ಗಿರಾಕಿಗಳು ಹಳೇ ಬಾಗಿಲಿಗೆ ಬಂದು ಹಿಂದಿರುಗಿದರು. ಅವನು ಅಂಗಡಿ ಮುಚ್ಚಿದ ವಾರವೇ ಮೇಷ್ಟ್ರು ಕೆಲಸ ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರನ್ನೂ ಅದರ ಮುಂದೆ ಎರಡು ಬೆಂಚನ್ನೂ ಇಟ್ಟರು. ಬೇಕರಿಯವರು, ಬಡಗಿ, ಕನ್ನಡಕದಂಗಡಿಯವರು ತಮ್ಮ ವೆಬ್‌ಸೈಟ್ ತಾವೇ ನೋಡಿಕೊಳ್ಳಲು ಕಲಿಯಲೆಂದು ಒಬ್ಬೊಬ್ಬರಾಗಿ ಬಂದರು.

ಕಲಿಸುವಾಗ ಮೇಷ್ಟ್ರು ಮೌಸ್ ಮುಟ್ಟುತ್ತಿರಲಿಲ್ಲ. ಒಂದು ಫೋಟೋ ಏರಿಸಲು ಅರ್ಧ ದಿನ ಒದ್ದಾಡಿದ ಔಷಧಿ ಅಂಗಡಿಯಾಕೆ ಒಮ್ಮೆ ಸಿಡುಕಿದ್ದಳು.

"ನೀವು ಮಾಡಿದ್ರೆ ಎರಡು ನಿಮಿಷ. ನನ್ನನ್ಯಾಕೆ ಹೀಗೆ ಗೋಳು ಹೊಯ್ಕೋತೀರಿ?"

"ನಿಮ್ಮ ಅಂಗಡಿ ಬೀಗ ದಿನಾ ನಾನು ಬಂದು ತೆಗೀತೀನಾ?" ಎಂದಿದ್ದರು ಮೇಷ್ಟ್ರು, ಕಿಟಕಿಯ ಆಚೆ ನೋಡುತ್ತ.

*

ಗಾಡಿ ಬಂದು ನಿಂತಿತು. ಮೇಷ್ಟ್ರ ಭಾವಮೈದ ಗಡಿಯಾರ ನೋಡಿಕೊಂಡು, ಸುಡುಗಾಡಿನವರು ಹನ್ನೊಂದಕ್ಕೆ ಹೇಳಿದ್ದಾರೆಂದು ಎಲ್ಲರನ್ನೂ ಅವಸರಪಡಿಸಿದ. ಅಷ್ಟರಲ್ಲಿ ಮೇಷ್ಟ್ರ ಮಗಳು ಕೋಣೆಯ ಮೂಲೆಗೆ ಹೋಗಿ, ಅಪ್ಪನ ಕಂಪ್ಯೂಟರಿನ ಮೇಲಿದ್ದ ಬಟ್ಟೆ ಸರಿಸಿ, ಸ್ವಿಚ್ ಹಾಕಿದಳು.

"ನಂಗೆ ಇದೆಲ್ಲ ಬರಲ್ಲ," ಎಂದಳು ಔಷಧಿ ಅಂಗಡಿಯಾಕೆಗೆ. "ಅಪ್ಪನಿಗೆ ನಿಮಗೆಲ್ಲ ಹೇಳ್ಕೊಡೋದ್ರಲ್ಲೇ ದಿನ ಮುಗೀತಿತ್ತು."

ಔಷಧಿ ಅಂಗಡಿಯಾಕೆ ಕಂಪ್ಯೂಟರಿನ ಮುಂದೆ ಕುಳಿತಳು. 'ಪಾಸ್‌ವರ್ಡ್ ಮರೆತಿರಾ' ಎಂಬುದನ್ನು ಒತ್ತಿದಳು. ಫೋನಿಗೆ ಬಂದ ಆರಂಕಿಯ ಸಂಖ್ಯೆಯನ್ನು ಅವಸರದಲ್ಲಿ ತಪ್ಪು ಹೊಡೆದಳು. ಇನ್ನೊಂದು ಸಂಖ್ಯೆ ಬರುವ ತನಕ ಕಾಯಬೇಕಾಯಿತು.

"ಇವತ್ತೊಂದು ದಿನ ಆದ್ರೂ ವ್ಯಾಪಾರ ಬಿಡಕ್ಕಾಗಲ್ವಾ?" ಭಾವಮೈದ ಬಾಗಿಲಲ್ಲಿ ನಿಂತಿದ್ದ.

"ಮಕ್ಕಳ ಔಷಧಿ ವಿಷಯ ಮಾಮ. ಗಾಡಿ ನಿಲ್ಲಲಿ," ಎಂದಳು ಮಗಳು.

ಆತ ಅಕ್ಕನ ಮುಖ ನೋಡಿ, ಕಾಯಲು ಹೇಳಲು ಗಾಡಿಯ ಕಡೆ ಹೋದ. ಹಳೇ ಸಾಲನ್ನು ಅಳಿಸಿ ಅವಳು ಬರೆದಳು: 'ಹೊಸ ಕೆಮ್ಮಿನ ಸಿರಪ್ ಕುಡಿಸಬೇಡಿ. ದೋಷ ಇದೆ. ನನಗೆ ಫೋನ್ ಮಾಡಿ.' ಅಕ್ಷರ ದೊಡ್ಡದು ಮಾಡಿದಳು. ಕೆಂಪು ಮಾಡಿದಳು. ಒತ್ತಿದಳು.

ಹತ್ತು ನಿಮಿಷ ಯಾರೂ ಫೋನ್ ಮಾಡಲಿಲ್ಲ. ಗಾಡಿಯ ಚಾಲಕ ಎರಡು ಸಲ ಇಣುಕಿ ಹೋದ. ಆಮೇಲೆ ಒಂದು ಹೆಣ್ಣು ದನಿ: ಎಷ್ಟು ಚಮಚ ಕುಡಿಸಬೇಕೆಂದು ಕೇಳಲು ನಂಬರ್ ಹುಡುಕಿ ಸೈಟ್ ತೆಗೆದರಂತೆ. "ಚಮಚಕ್ಕೆ ಬಗ್ಗಿಸಿಯಾಗಿತ್ತು," ಎಂದು ಅವರು ಅಳತೊಡಗಿದರು. ಅವರ ಪಕ್ಕದ ಮನೆಯವರೇ ಇನ್ನೊಂದು ಬಾಟಲಿ ಒಯ್ದವರು. ಅದರ ಮುಚ್ಚಳವನ್ನೂ ತೆಗೆದಿರಲಿಲ್ಲ.

ಔಷಧಿ ಅಂಗಡಿಯಾಕೆ ಮೇಜಿಗೆ ಹಣೆಯಾನಿಸಿ ಕುಳಿತಳು. ಭಾವಮೈದ ಅವಳಿಗೆ ನೀರು ತಂದು ಕೊಟ್ಟು, ಮೂವರನ್ನು ಕರೆದು ಮೇಷ್ಟ್ರನ್ನು ಎತ್ತಿಸಿದ.

ಮೇಷ್ಟ್ರನ್ನು ಮಲಗಿಸಿದ್ದು ಪಾಠದ ಆ ಎರಡು ಬೆಂಚುಗಳನ್ನು ಜೋಡಿಸಿ, ಅವುಗಳ ಮೇಲೆ. ಎಲ್ಲರೂ ಗಾಡಿಯ ಕಡೆ ನಡೆದಾಗ ಮಗಳು ಮಾತ್ರ ಹಿಂದೆ ಉಳಿದು, ಒಂದು ಬೆಂಚಿನ ತುದಿ ಹಿಡಿದು ಕಂಪ್ಯೂಟರಿನ ಕಡೆಗೆ ಎಳೆಯತೊಡಗಿದಳು. ನಡುವಿನ ಸಂದಿಯಲ್ಲಿ ಸಿಕ್ಕಿದ್ದ ಹೂವಿನ ಎಸಳುಗಳು ನೆಲಕ್ಕೆ ಉದುರಿದವು. ಔಷಧಿ ಅಂಗಡಿಯಾಕೆ ಎದ್ದು ಬಂದು ಇನ್ನೊಂದು ತುದಿ ಹಿಡಿದಳು.