ಬುಟ್ಟಿ ತುಂಬುವ ಮೊದಲೇ

ಗೊಲ್ಲಾಳಪ್ಪನಿಗೆ ಒಂದು ಮಾತಾಡಲು ಅರ್ಧ ತಾಸು ಬೇಕಾಗುತ್ತಿತ್ತು. ಲಕವಾ ಹೊಡೆದು ನಾಲಿಗೆ, ಕೈಕಾಲು ಎಲ್ಲ ಬಿದ್ದು, ಬಲಗೈಯ ತೋರುಬೆರಳೊಂದು ಉಳಿದಿತ್ತು. ಆ ಬೆರಳಿಗಾಗಿಯೇ ಮಗಳು ಮಹಾನಂದಾ ಹಳೆಯ ಕಂಪ್ಯೂಟರೊಂದರಲ್ಲಿ ಸಿ ಭಾಷೆಯ ಪ್ರೋಗ್ರಾಂ ಬರೆದಿಟ್ಟಿದ್ದಳು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಹಾದುಹೋಗುತ್ತವೆ. ಬೇಕಾದದ್ದು ಬಂದಾಗ ಅಪ್ಪ ಗುಂಡಿ ಒತ್ತಿದರೆ ಅದು ಕೆಳಗೆ ಮೂಡುತ್ತದೆ, ಫೈಲಿಗೂ ಹೋಗುತ್ತದೆ. ಸಂಜೆ ಅವಳು ವಿಜಯಪುರದಿಂದ ಬಂದು ತಿಕೋಟಾದಲ್ಲಿ ಬಸ್ಸಿಳಿದು, ಪ್ರೋಗ್ರಾಂ ನಿಲ್ಲಿಸಿ ಫೈಲು ಮುಚ್ಚಿ, ಮತ್ತೆ ತೆರೆದು ಓದುತ್ತಿದ್ದಳು. 'ಚಹಾದಾಗ ಸಕ್ರಿ ಕಡಿಮಿ' ಎಂದಿರುತ್ತಿತ್ತು. ಅಷ್ಟಕ್ಕೇ ಅವ್ವ ಬೋರವ್ವ ಹಿಗ್ಗುತ್ತಿದ್ದಳು.

ಈಗ ಬಂದಿದ್ದು ದೊಡ್ಡ ಮಾತು. ಕಾಕಾ ಸುಭಾಷ ಬಬಲೇಶ್ವರದ ಗಂಡು ನೋಡಿಕೊಂಡು ಬಂದಿದ್ದ. ಮನೆತನ ಚಲೋ, ಆದರೆ ಸೊಸೆ ಹೊಸ್ತಿಲು ದಾಟಿ ಕೆಲಸಕ್ಕೆ ಹೋಗುವಂತಿಲ್ಲ. ಮಹಾನಂದಾ ವಿಜಯಪುರದ ಸೊಲ್ಲಾಪುರ ರಸ್ತೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಸಿ ಕಲಿಸುವವಳು. ಅದೊಂದೇ ಅವಳದು ಅನ್ನುವಂಥದ್ದು.

"ನಿಮ್ಮಪ್ಪ ಏನಂತಾನ ಅದ ಖರೆ," ಎಂದಳು ಬೋರವ್ವ. ಕಾಕಾನೂ ತಲೆಯಾಡಿಸಿದ.

ಬೆಳಿಗ್ಗೆ ಮಹಾನಂದಾ ಅಪ್ಪನ ಕಿವಿಗೆ ಬಾಗಿ, "ಯಪ್ಪಾ, ನಿನ್ನ ಮನಸ್ಸಿನಾಗ ಇದ್ದದ್ದ ಬರಿ. ಸಂಜಿಗಿ ಬಂದು ಓದ್ತೀನಿ," ಎಂದು ಹೇಳಿ ಹೋದಳು. ಅಪ್ಪ ಬೇಡವೆನ್ನುತ್ತಾನೆಂದು ಅವಳಿಗೆ ನಂಬಿಕೆಯಿತ್ತು.

ಸಂಜೆ ಬಂದರೆ ಮನೆಯಲ್ಲಿ ಕರೆಂಟಿಲ್ಲ, ಅಪ್ಪ ನಿದ್ದೆಯಲ್ಲಿದ್ದ.

"ದಿನಾ ಪೂರಾ ಒತ್ತ್ಯಾನ ನಂದಾ, ಪರದೆ ತುಂಬಿತ್ತು," ಎಂದಳು ಬೋರವ್ವ. "ಬರದು ಮುಗಿಸಿ ನಕ್ಕಾನ. ಆಮ್ಯಾಲ ಕರೆಂಟ್ ಹೋತು. ದಣದಾನ, ಎಬ್ಬಿಸಬ್ಯಾಡ."

ಕರೆಂಟು ಬಂದ ಮೇಲೆ ಮಹಾನಂದಾ ಫೈಲು ತೆರೆದಳು. ಒಂದು ಅಕ್ಷರವೂ ಇರಲಿಲ್ಲ.

ಕಾರಣ ಹುಡುಕಬೇಕಾಗಿರಲಿಲ್ಲ. ಮೊನ್ನೆಯಷ್ಟೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಳು: "ಒಂದೊಂದ ಒಣದ್ರಾಕ್ಷಿ ಎತ್ಕೊಂಡು ಯಾರರೆ ಗೋದಾಮಿಗೆ ಹೋಗ್ತಾರೇನು? ಬುಟ್ಟಿ ತುಂಬಿಸಿ ಒಯ್ತಾರ. ಫೈಲಿಗೆ ಬರಿಯೋ ಅಕ್ಷರನೂ ಮೊದಲು ಮೆಮರಿಯೊಳಗಿನ ಬುಟ್ಟಿಗೆ ಬೀಳ್ತಾವ. ಬುಟ್ಟಿ ತುಂಬಬೇಕು, ಇಲ್ಲಾ ಖಾಲಿ ಮಾಡು ಅಂತ ನೀವ ಹೇಳಬೇಕು, ಇಲ್ಲಾ ಫೈಲ್ ಮುಚ್ಚಬೇಕು. ನಡುವ ಕರೆಂಟ್ ಹೋದ್ರ ಎಲ್ಲಾ ಹೋತು."

ಖಾಲಿ ಮಾಡು ಅನ್ನುವ ಆ ಒಂದು ಸಾಲನ್ನು ಅವಳು ಬರೆದಿರಲಿಲ್ಲ. ದಿನಾ ಸಂಜೆ ನಾನೇ ಮುಚ್ಚುತ್ತೇನಲ್ಲ ಅನ್ನುವ ಧಿಮಾಕು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ಇರಲಿ, ನಾಳೆ ಎದ್ದ ಮೇಲೆ ಇನ್ನೊಮ್ಮೆ ಕೇಳಿದರಾಯಿತು ಎಂದುಕೊಂಡಳು.

ಬೆಳಗಾಗುವಷ್ಟರಲ್ಲಿ ಲಕವಾ ಎರಡನೇ ಸಲ ಹೊಡೆದು ಆ ಬೆರಳನ್ನೂ ಒಯ್ದಿತ್ತು. ಕಣ್ಣು ತೆರೆದೇ ಇದ್ದವು, ಕರೆದರೆ ತಿರುಗುತ್ತಿರಲಿಲ್ಲ. ವಿಜಯಪುರದ ಡಾಕ್ಟರು ನೋಡಿ, ಮನೆಗೆ ಕರೆದುಕೊಂಡು ಹೋಗಿ ಎಂದರು.

ನಾಲ್ಕು ದಿನ ಬಿಟ್ಟು ಸುಭಾಷ ಬಂದ. "ಬ್ಯಾಡ ಅನ್ನಾಕ ದಿನಾ ಪೂರಾ ಬೇಕಾಗ್ತದೇನವ್ವಾ? ಅಣ್ಣ ಆಶೀರ್ವಾದನ ಬರದಿರ್ತಾನ."

ಹೂಂ ಅನ್ನಲಿಕ್ಕೂ ದಿನವೆಲ್ಲ ಬೇಕಿಲ್ಲವಲ್ಲ ಎಂಬ ಮಾತು ಮಹಾನಂದಾಳ ಬಾಯಿಗೆ ಬಂತು. ಅದನ್ನು ನುಂಗಿ ಒಳಗೆ ಹೋದಳು. ಅಪ್ಪನ ಮಾತು ಕಳೆದವಳು ತಾನೇ, ಇನ್ನು ಯಾವ ಮುಖದಿಂದ ವಾದ ಮಾಡುವುದು?

ಒಳಗೆ ಬೋರವ್ವ ರೊಟ್ಟಿಗೆ ಹಿಟ್ಟು ಹಾಕಿಕೊಂಡು ಕೂತಿದ್ದಳು. ಸಾಲಿ ಮೆಟ್ಟಿಲು ಹತ್ತಿದವಳಲ್ಲ, ಆದರೆ ಆ ದಿನವೆಲ್ಲ ಪರದೆಯ ಮುಂದಿದ್ದವಳು ಅವಳೊಬ್ಬಳೇ.

"ಬೇ, ಕಡೀಕ ಮೂಡಿದ ಅಕ್ಷರ ಹೆಂಗಿತ್ತು? ನೆನಪ ಮಾಡ್ಕೊ ಬೇ."

ಬೋರವ್ವ ಪರಾತದಲ್ಲಿ ಹರಡಿದ ಹಿಟ್ಟಿನ ಮೇಲೆ ಬೆರಳಾಡಿಸಿದಳು. "ದುಂಡಗಿತ್ತವ್ವಾ. ಹಿಂಗ."

ಮಹಾನಂದಾ ಅದನ್ನೇ ನೋಡುತ್ತ ನಿಂತಳು. ಕನ್ನಡದಲ್ಲಿ ದುಂಡಗಿಲ್ಲದ ಅಕ್ಷರ ಯಾವುದಿದೆ? ಹೊರಗೆ ಕಟ್ಟೆಯ ಮೇಲೆ ಸುಭಾಷ ಬಬಲೇಶ್ವರಕ್ಕೆ ಫೋನು ಹಚ್ಚಿದ್ದ. ಬೋರವ್ವ ಹಿಟ್ಟಿಗೆ ನೀರು ಹಾಕಿ ನಾದತೊಡಗಿದಳು.