ಬೆಳಕು ಮಣಿದ ಮಧ್ಯಾಹ್ನ

ಅಕ್ಕತಂಗಿಯರಿಬ್ಬರೂ ಒಂದೇ ಪ್ರಯೋಗಾಲಯದಲ್ಲಿದ್ದರು. ಈರುಳ್ಳಿ ಪೊರೆಗಿಂತ ಎಷ್ಟೋ ತೆಳುವಾದ ಸ್ಫಟಿಕದ ಪದರದಲ್ಲಿ ಬೆಳಕು ಹರಿಯಲು ಕಾಲುವೆ ಕೊರೆಯುವುದು ಅಕ್ಕನ ಕೆಲಸ. ವಿದ್ಯುತ್ ಕೊಟ್ಟಾಗ ಆ ಬೆಳಕು ಮಾತು ಕೇಳಿ ಕುಗ್ಗಿ ಹಿಗ್ಗುತ್ತದೋ ಇಲ್ಲವೋ ಎಂದು ಅಳೆಯುವುದು ತಂಗಿಯದು. ಹಾಗೆ ಮಾತು ಕೇಳಿದರೆ, ಕೇಬಲ್ಲಿನಲ್ಲಿ ಸುದ್ದಿ ಸಾಗಿಸುವ ಪುಟ್ಟ ಚಿಪ್ ಸಿದ್ಧವಾದಂತೆ. ಆದರೆ ಪದರ ಪ್ರತಿಸಲವೂ ಬಿರುಕು ಬಿಟ್ಟು ಇಬ್ಬರಿಗೂ ಸಾಕುಸಾಕಾಗಿತ್ತು.

"ನಿನ್ ಬೆಳಕಿಗೂ ನಿನ್ನಷ್ಟೇ ಹಟ ಕಣೇ," ಎಂದು ಅಕ್ಕ ಅಣಕಿಸುತ್ತಿದ್ದಳು.

ಆ ಮಧ್ಯಾಹ್ನ ಬಿರುಕಿಲ್ಲದ ಚಿಪ್ ಒಂದು ಕೈಗೆ ಬಂತು. ಗಾಜು ಕರಗಿಸುವ ಆಸಿಡ್ಡಿನಲ್ಲಿ ಅದನ್ನು ಅದ್ದಿ, ತೊಳೆದು, ಅಕ್ಕ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಬೆಳಕು ತರುವ ಗಾಜಿನ ಎಳೆಯನ್ನು ಕಾಲುವೆಯ ಬಾಯಿಗೆ ಹೊಂದಿಸುವ ತಿರುಪು ಸಡಿಲವಾಗಿತ್ತು. ಅದನ್ನು ಬೆರಳಿನಲ್ಲೇ ಒತ್ತಿ ಹಿಡಿದು ನಿಂತಳು. ಆಸಿಡ್ ಮುಟ್ಟಿದಾಗ ಹಾಕಿಕೊಂಡಿದ್ದ ಕೈಗವಸಿನಲ್ಲಿ ಸಣ್ಣ ತೂತಿತ್ತೆಂದು ಇಬ್ಬರಿಗೂ ತಿಳಿಯದು.

"ಬೆರಳು ಯಾಕೋ ಜುಮ್ ಅಂತಿದೆ. ತೊಳ್ಕೊಂಡು ಬರ್ಲಾ?"

ಆ ಆಸಿಡ್ ಮೊದಲು ಉರಿಯುವುದಿಲ್ಲ, ಸದ್ದಿಲ್ಲದೆ ಎಲುಬಿಗಿಳಿಯುತ್ತದೆ ಎಂದು ತಂಗಿಗೂ ಗೊತ್ತಿತ್ತು. ಆದರೆ ಪರದೆಯ ಮೇಲೆ ಬೆಳಕಿನ ಏರಿಳಿತ ತೋರಿಸುವ ಗೆರೆ ಆಗಷ್ಟೇ ಏಳತೊಡಗಿತ್ತು.

"ದಮ್ಮಯ್ಯ ಅಕ್ಕಾ, ಈಗ ಕೈ ತೆಗೆದ್ರೆ ಎಲ್ಲಾ ನೀರುಪಾಲು. ಸ್ವಲ್ಪ ತಡ್ಕೋ."

ಅಕ್ಕ ತಡೆದುಕೊಂಡಳು. ವಿದ್ಯುತ್ತು ಏರಿದಂತೆ ಬೆಳಕು ತಗ್ಗಿತು, ಇಳಿದಂತೆ ಬೆಳಗಿತು. ಇಬ್ಬರೂ ಹುಚ್ಚರಂತೆ ನಕ್ಕರು. ಸಂಜೆಯವರೆಗೂ ಅಳೆದರು. ಹೊರಡುವಾಗ ಅಕ್ಕನ ಬೆರಳ ತುದಿಗಳು ಸುಣ್ಣದಂತೆ ಬಿಳುಚಿದ್ದವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಕೆ ನೋವಿಗೆ ಕಾರಿನ ಬಾಗಿಲು ಗುದ್ದುತ್ತಿದ್ದಳು.

ಎರಡು ಬೆರಳು ಹೋದವು.

ಚಿಪ್ ಹೆಸರು ಮಾಡಿತು. ಅಕ್ಕನ ಜಾಗಕ್ಕೆ ಬೇರೆಯವರು ಬಂದರು. ಬೆಳಗ್ಗೆ ಅಕ್ಕನ ರವಿಕೆಯ ಗುಂಡಿ ಹಾಕುವುದು ತಂಗಿಯ ಪಾಲಿಗೆ ಬಂತು. ಒಂದು ದಿನ ಗುಂಡಿ ಹಾಕುತ್ತಲೇ ಬಿಕ್ಕಿದಳು: "ನಾನೇ ಅಲ್ವಾ ತಡ್ಕೋ ಅಂದಿದ್ದು..."

"ನನಗೂ ನೋಡೋ ಆಸೆ ಇತ್ತು. ಅದಕ್ಕೇ ನಿಂತೆ," ಎಂದಳು ಅಕ್ಕ. ತಂಗಿಯ ಜೀವ ತುಸು ತಂಪಾಗುವಷ್ಟರಲ್ಲಿ ಮುಂದುವರಿಸಿದಳು: "ಆದ್ರೆ ಆ ಆಸಿಡ್ ಎಂಥದ್ದು ಅಂತ ನಿಂಗೂ ಗೊತ್ತಿತ್ತು. ಗೊತ್ತಿದ್ದೂ ನನ್ ಕೈ ಕಡೆ ತಿರುಗಿ ನೋಡ್ಲಿಲ್ಲ."

ಕೊನೆಯ ಗುಂಡಿಯನ್ನು ಅಕ್ಕ ತಾನೇ ಹಾಕಿಕೊಳ್ಳಲು ಹೋದಳು. ಆಗಲಿಲ್ಲ. ಆದರೂ ತಂಗಿಯ ಕೈಯನ್ನು ಹತ್ತಿರ ಬಿಡಲಿಲ್ಲ.