ಕಾಲು ಸೆಕೆಂಡಿನ ತಡ

ನೇತ್ರಾ ನರಗುಂದಕ್ಕೆ ಹೋಗಿ ಹಾಡುತ್ತಿದ್ದಾಳೆಂದು ನನಗೆ ಯಾರೂ ಹೇಳಲಿಲ್ಲ. ಫೋನಿನ ಸ್ಟೇಟಸ್ಸಿನಲ್ಲಿ ನೋಡಿದೆ. ಗೋಡೆ ತುಂಬ ಕರಿ ಸ್ಪಂಜು ಬಡಿದ ಕೋಣೆ, ನೀಲಿ ದೀಪ, ನನ್ನ ಮೈಕಿಗಿಂತ ಎರಡು ಪಟ್ಟು ದಪ್ಪನೆಯ ಮೈಕು, ಅದರ ಮುಂದೆ ಹೆಡ್‌ಫೋನ್ ಹಾಕಿಕೊಂಡು ನಗುತ್ತಿರುವ ನಮ್ಮ ನೇತ್ರಾ. ಕೆಳಗೆ ಶರಣು ಎಂಬವನ ಹೆಸರು, ಅವನ ಸ್ಟುಡಿಯೋದ ಹೆಸರು, ಎರಡು ಬೆಂಕಿಯ ಚಿತ್ರ. ಆ ಬೆಂಕಿ ನೇರ ನನ್ನ ಹೊಟ್ಟೆಗೇ ಬಿತ್ತು.

ಊಟಕ್ಕೆ ಕೂತಿದ್ದ ನನ್ನ ಗಂಡ ಹುಚ್ಚಪ್ಪ ನನ್ನ ಮುಖ ನೋಡಿ, “ಯಾಕ, ಯಾರರ ಸತ್ರೇನ?” ಎಂದ. ಫೋನು ಅವನ ಮುಂದೆ ಹಿಡಿದೆ.

“ಅದಕ್ಯಾಕ ಮಾರಿ ಹಿಂಗ ಮಾಡೀದಿ? ಹಾಡಾಕಿ ಎಲ್ಲ್ಯರ ಹಾಡ್ತಾಳ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ನಿನ್ನ ಹೊಟ್ಟಿಕಿಚ್ಚಿನ ಮ್ಯಾಲ ರೊಟ್ಟಿ ಬೇಯಿಸಿದ್ರ ಗ್ಯಾಸರ ಉಳೀತದ,” ಎಂದು ಸೇರಿಸಿದ. ಅವತ್ತು ಅವನಿಗೆ ಎರಡನೇ ರೊಟ್ಟಿ ನಾನು ಹಾಕಲಿಲ್ಲ.

ನಾನು ದ್ರಾಕ್ಷಾಯಣಿ. ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ಲಾಕ್‌ಡೌನ್‌ನಲ್ಲಿ ನೂಲು ಬರುವುದು ನಿಂತು ಮಗ್ಗ ಖಾಲಿ ಕೂತಾಗ, ತಂಗಿಯ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಯೂಟ್ಯೂಬ್ ನೋಡಿ ರೆಕಾರ್ಡಿಂಗ್ ಕಲಿತೆ. ಸದ್ದು ಹೀರಿಕೊಳ್ಳಲೆಂದು ಹಿಂದಿನ ಕೋಣೆಯ ಗೋಡೆಗೆಲ್ಲ ಹಳೆ ಸೀರೆ ಹೊಲಿದ ಕೌದಿ ತೂಗುಹಾಕಿದೆ. ಓಣಿಯವರು ನಕ್ಕರು, ಅತ್ತೆಯ ಕೌದಿ ಗೋಡೆಗೆ ಹೊದಿಸಿದಳು ಎಂದರು. ನಗಲಿ ಬಿಡಿ. ಜಕ್ಕಲಿಯ ಒಕ್ಕಲುತನದ ಮನೆಯ ಸೊಸೆ ನೇತ್ರಾ ಆ ಕೋಣೆಗೆ ಬಂದು ಒಂದು ಬೀಸುವ ಪದ ಹಾಡಿದ ದಿನ, ನಕ್ಕವರೇ ಬಾಗಿಲಲ್ಲಿ ನಿಂತು ಕೇಳಿದರು. ನಾಲ್ಕು ವರ್ಷದಲ್ಲಿ ಮೂವತ್ತೈದು ಹಾಡು ಮಾಡಿದ್ದೇವೆ. ಅವಳ ದನಿಯನ್ನು ಮೊದಲು ಗುರುತಿಸಿದವಳು ನಾನು. ಹಾಗಾಗಿ ಅದು ನನ್ನದು ಎಂದುಕೊಂಡಿದ್ದೆ. ತಪ್ಪೋ ಸರಿಯೋ, ಹಾಗೆಯೇ ಅಂದುಕೊಂಡಿದ್ದೆ.

ನನ್ನ ಕೋಣೆಗೆ ಇದ್ದದ್ದು ಒಂದೇ ಕಾಟ. ನಮ್ಮ ಓಣಿಯಲ್ಲಿ ಹನ್ನೊಂದು ಮಗ್ಗ. ಬೆಳಗಾದರೆ ಖಟಕ್ ಖಟಕ್ ಶುರು, ದೀಪ ಹಚ್ಚುವ ತನಕ ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮ್ಮ ಕಿವಿಗೆ ಅದು ಕೇಳಿಸುವುದೇ ಇಲ್ಲ, ಆದರೆ ಮೈಕಿಗೆ ಕೇಳಿಸುತ್ತದೆ. ಅಮಾವಾಸ್ಯೆಯ ದಿನ ಮಾತ್ರ ಓಣಿಯಲ್ಲಿ ಯಾರೂ ಮಗ್ಗಕ್ಕೆ ಕೂಡುವುದಿಲ್ಲ. ಹಾಡು ಹಿಡಿಯಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಆದರೆ ನೇತ್ರಾಳ ಅತ್ತೆ ಮುದುಕವ್ವ ಅಮಾವಾಸ್ಯೆಯ ದಿನ ಸೊಸೆಯನ್ನು ಊರಿನ ಸೀಮೆ ದಾಟಗೊಡುವುದಿಲ್ಲ. ಉಳಿದ ದಿನ ಸಂಜೆಯೊಳಗೆ ಸೊಸೆ ಮನೆ ಸೇರಬೇಕು. ಓಣಿ ಸುಮ್ಮನಿರುವ ದಿನ ಅವಳು ಬರುವಂತಿಲ್ಲ, ಅವಳು ಬರುವ ದಿನ ಓಣಿ ಸುಮ್ಮನಿರುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಮದ್ದು ಒಂದು ಪ್ಲಗಿನ್. ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಮೇಲಿಂದ ಜೋಡಿಸಿಕೊಳ್ಳುವ ಸಣ್ಣ ಸಾಧನ ಅದು. ಗದ್ದಲ ಎಂಥದ್ದೆಂದು ಒಮ್ಮೆ ಕೇಳಿಸಿದರೆ ಹಾಡಿನಿಂದ ಅದನ್ನು ಆರಿಸಿ ತೆಗೆಯುತ್ತದೆ. ಅದಕ್ಕೆ ಮಗ್ಗದ ಸದ್ದು ಕಲಿಸಿದೆ. ನೇತ್ರಾ ಹಾಡುವಾಗ ತೆಗೆದಿಟ್ಟು, ಹಾಡಿ ಮುಗಿದ ಮೇಲೆ ಹಾಕುತ್ತಿದ್ದೆ. ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು, ಈಚೆಗೆ ಪೂರ್ತಿ ತಿರುಗಿಸಿ ಇಡುತ್ತಿದ್ದೆ. ಎಲ್ಲ ಸೆಟ್ಟಿಂಗೂ ಸೇರಿಸಿ ‘ನೇತ್ರಾ’ ಎಂಬ ಹೆಸರಿನಲ್ಲಿ ಒಂದು ಫೈಲು ಮಾಡಿಟ್ಟಿದ್ದೆ. ಯಾವನೋ ಒಬ್ಬ ನಮ್ಮ ಹಾಡಿನ ಕೆಳಗೆ “ಡಬ್ಬಿಯೊಳಗ ಕುಂತು ಹಾಡಿದಂಗ ಅದ” ಎಂದು ಬರೆದಿದ್ದ. ಅವನನ್ನು ಅಂದೇ ಬ್ಲಾಕ್ ಮಾಡಿದೆ.

ಸ್ಟೇಟಸ್ ನೋಡಿದ ಮೂರನೇ ದಿನ ಬೆಳಿಗ್ಗೆ ಫೋನು ಬಂತು.

“ಅಕ್ಕಾರ, ನಮಸ್ಕಾರ್ರಿ. ನಾ ನರಗುಂದದ ಶರಣು. ನೇತ್ರಕ್ಕಾರ ನಿಮ್ಮ ನಂಬರ್ ಕೊಟ್ರು. ಒಂದು ಅಡಚಣಿ ಆಗೇದ್ರಿ.”

ಅಡಚಣೆ ಎಂಬ ಶಬ್ದ ಕೇಳಿ ನನಗಾದ ಸಂತೋಷವನ್ನು ಇಲ್ಲಿ ಬರೆದರೆ ದೇವರು ಮೆಚ್ಚುವುದಿಲ್ಲ. “ಏನಾಗೇದ ತಮ್ಮಾ?” ಎಂದೆ, ಬೆಣ್ಣೆಯಂಥ ದನಿಯಲ್ಲಿ.

ಬೆಂಗಳೂರಿನ ಒಂದು ಧಾರಾವಾಹಿಯವರು ಶೀರ್ಷಿಕೆ ಹಾಡಿಗೆ ಹೊಸ ದನಿ ಹುಡುಕುತ್ತಿದ್ದಾರಂತೆ. ಮೂವರನ್ನು ಆರಿಸಿದ್ದಾರೆ, ಅವರಲ್ಲಿ ನೇತ್ರಾ ಒಬ್ಬಳು. ಅವರು ಕೊಟ್ಟ ಹಾಡನ್ನು ಹಾಡಿ ಅಂದೇ ಸಂಜೆ ಐದರೊಳಗೆ ಕಳಿಸಬೇಕು. ಆದರೆ ಮೂರು ದಿನದಿಂದ ಒಂದು ಸಾಲೂ ಸರಿಯಾಗಿ ಹಿಡಿಯಲು ಆಗಿರಲಿಲ್ಲ.

“ಹಾಡಾಕತ್ರ ಅವರ ದನಿ ಅವರ ಹೆಡ್‌ಫೋನಿನ್ಯಾಗ ತಡಾ ಆಗಿ ಕೇಳ್ತದ್ರಿ. ತಾಳ ತಪ್ಪತಾರ. ದನಿ ಕೂಡಿಟ್ಟು ಬಿಡೋ ಬಫರ್ ಕಡಿಮಿ ಮಾಡಿದೆ, ಚಟಚಟ ಅನ್ನಾಕತ್ತು. ಮೈಕಿನ ಡ್ರೈವರ್ ಸಾಫ್ಟ್‌ವೇರ್ ತಗದು ಮತ್ತ ಹಾಕಿದೆ. ವಾಯರ್ ಬದಲಿಸಿದೆ. ಪ್ಲಗಿನ್ ಸೈತ ಎಲ್ಲಾ ಬಂದ್ ಮಾಡಿ ನೋಡಿದೆ. ನೀವು ಭಾಳ ಶಾಣ್ಯಾರದೀರಿ ಅಂತ ನೇತ್ರಕ್ಕಾರ ಹೇಳ್ತಾರ. ಬರ್ತೀರೇನ್ರಿ?”

ಹೊರಡುವಾಗ ನಾನೇ ನೇಯ್ದ ಕೆಂಪು ಅಂಚಿನ ಸೀರೆ ಉಟ್ಟೆ. ಸೋತವರ ಮನೆಗೆ ಹಾಗೇ ಹೋಗಬೇಕು. ಬಸ್ಸು ರೋಣ ದಾಟುವ ತನಕ ಒಂದೇ ಮಾತು ತಲೆಯಲ್ಲಿ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲಕ್ಷದ ಸಾಮಾನು ತಂದಿಟ್ಟುಕೊಂಡವನಿಗೆ ಕಡೆಗೂ ಗಜೇಂದ್ರಗಡದ ಕೌದಿಯ ಕೋಣೆಯವಳೇ ಬೇಕಾದಳು.

ಶರಣುವಿನ ಅಪ್ಪನದು ಪೇಟೆಯಲ್ಲಿ ಕಾಳಿನ ಅಂಗಡಿ. ಕೆಳಗೆ ಕಡಲೆ, ಗೋವಿನಜೋಳದ ಚೀಲ, ಮೇಲೆ ಸ್ಟುಡಿಯೋ. ದಪ್ಪ ಕಲ್ಲಿನ ಗೋಡೆ. ಬಾಗಿಲು ಹಾಕಿದ ಕೂಡಲೇ ಪೇಟೆಯ ಸದ್ದು ಸತ್ತೇ ಹೋಯಿತು. ಅಷ್ಟು ಮೌನ ನಾನು ಅಮಾವಾಸ್ಯೆಗೂ ಕಂಡಿರಲಿಲ್ಲ. ಅದಕ್ಕೇ ಮೊದಲು ಹೊಟ್ಟೆ ಉರಿಯಿತು. ಆಮೇಲೆ ಅವನ ಕುರ್ಚಿ ನೋಡಿ ಉರಿಯಿತು. ತಿರುಗುತ್ತದೆ, ಬಾಗುತ್ತದೆ, ಕೈ ಇಡಲು ಮೆತ್ತೆ ಬೇರೆ. ನಾನು ನಾಲ್ಕು ವರ್ಷ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತವಳು. ಶರಣು ಸೊಕ್ಕಿನ ಹುಡುಗನಾಗಿದ್ದರೂ ಸಮಾಧಾನವಿತ್ತು. ಅವನು ಬಗ್ಗಿ ಕಾಲು ಮುಟ್ಟಿ, “ನಿಮ್ಮ ಎಲ್ಲಾ ಹಾಡ ಕೇಳೀನ್ರಿ ಅಕ್ಕಾರ,” ಎಂದ. ಸಿಟ್ಟು ಮಾಡಲಿಕ್ಕೂ ಜಾಗ ಬಿಡಲಿಲ್ಲ.

ನೇತ್ರಾ ಮೂಲೆಯಲ್ಲಿ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು. “ಅಕ್ಕಾ, ಬಂದ್ರ್ಯಾ?” ಎಂದಳು.

“ಹೂಂ. ನೀ ಕರೀಲಿಲ್ಲ, ಆದ್ರೂ ಬಂದೆ,” ಎಂದೆ. ಅವಳು ತಲೆ ತಗ್ಗಿಸಿದಳು. ಅದು ನನಗೆ ಖುಷಿ ಕೊಟ್ಟಿತು. ಸುಳ್ಳು ಏಕೆ ಹೇಳಲಿ?

ಅವಳ ಹೆಡ್‌ಫೋನ್ ನಾನು ಹಾಕಿಕೊಂಡು ಮೈಕಿನ ಮುಂದೆ ಒಂದು ಚಪ್ಪಾಳೆ ತಟ್ಟಿದೆ. ಕೈ ಕೂಡಿ ಕಾಲು ಸೆಕೆಂಡಾದ ಮೇಲೆ ಕಿವಿಯಲ್ಲಿ ಸದ್ದಾಯಿತು. ಅಷ್ಟು ತಡವಾದರೆ ಎಂಥವರೂ ಹಾಡಲಾರರು, ತಮ್ಮ ದನಿಯೇ ಬೆನ್ನ ಹಿಂದಿನಿಂದ ಎಳೆದಂತಾಗುತ್ತದೆ. ಕುರ್ಚಿಯಲ್ಲಿ ಕೂತು ಪರದೆ ನೋಡಿದೆ. ಮೇಲೆ ಫೈಲಿನ ಹೆಸರು ಕಂಡಿತು: ‘ನೇತ್ರಾ’.

ನನ್ನ ಫೈಲು! ನನ್ನ ನಾಲ್ಕು ವರ್ಷದ ಕೆಲಸ ಇವನ ಕಂಪ್ಯೂಟರಿನಲ್ಲಿ! ಕಾಲು ಮುಟ್ಟಿದ್ದು ಇದಕ್ಕೇ ಅನ್ನಿಸಿತು. ಅದರೊಳಗೆ, ಅವಳ ದನಿ ಹಿಡಿಯುವ ಸಾಲಿನ ಮೇಲೆಯೇ, ನನ್ನ ಗದ್ದಲ ತೆಗೆಯುವ ಪ್ಲಗಿನ್ ಪೂರ್ತಿ ತಿರುಗಿಸಿಕೊಂಡು ಕೂತಿತ್ತು. ನೋಡಿದ ಕೂಡಲೇ ತಿಳಿಯಿತು. ಆ ಪ್ಲಗಿನ್‌ಗೆ ಗದ್ದಲ ಯಾವುದು, ಹಾಡು ಯಾವುದು ಎಂದು ಆರಿಸಲು ಸ್ವಲ್ಪ ಹೊತ್ತು ಬೇಕು, ಹಾಗಾಗಿ ದನಿಯನ್ನು ಸ್ವಲ್ಪ ತಡೆದಿಟ್ಟುಕೊಂಡು ಆಮೇಲೆ ಬಿಡುತ್ತದೆ. ಹಾಡಿದ ಮೇಲೆ ಹಾಕಿದರೆ ಬಾಧೆಯಿಲ್ಲ, ಹಾಡುವಾಗಲೇ ಇದ್ದರೆ ಕಾಲು ಸೆಕೆಂಡಿನ ತಡ. ಶರಣು ಅದನ್ನು ಬಂದ್ ಮಾಡಿ ನೋಡಿದ್ದ, ಆದರೆ ಬಂದ್ ಮಾಡಿದರೂ ಸಾಫ್ಟ್‌ವೇರು ಅದಕ್ಕಾಗಿ ಕಾಯುವುದನ್ನು ಬಿಡುವುದಿಲ್ಲ. ಕಿತ್ತೇ ಹಾಕಬೇಕು. ನನಗಿದು ಮೊದಲ ವರ್ಷವೇ ಪೆಟ್ಟು ತಿಂದು ಗೊತ್ತಾಗಿತ್ತು.

ಒಂದು ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಒತ್ತಿದರೆ ನೇತ್ರಾ ಇಲ್ಲಿ ಹಾಡುತ್ತಾಳೆ, ಹಾಡಿದರೆ ಆರಿಸಿಕೊಳ್ಳುತ್ತಾರೆ, ಆರಿಸಿಕೊಂಡರೆ ಮತ್ತೆ ಕೌದಿಯ ಕೋಣೆಗೆ ಯಾಕೆ ಬರುತ್ತಾಳೆ?

“ಇದು ಇಲ್ಲಿ ಆಗಂಗಿಲ್ಲ,” ಎಂದೆ. “ಮೈಕು ಕಂಪ್ಯೂಟರಿಗೆ ಕೂಡಿಸೋ ಈ ಡಬ್ಬಿನ ಕೆಟ್ಟದ. ನೇತ್ರಾ, ನಡಿ ಗಜೇಂದ್ರಗಡಕ್ಕ. ಗಾಡಿ ಮಾಡ್ಕೊಂಡು ಹೋದ್ರ ನಾಲ್ಕಕ್ಕ ಮುಟ್ತೀವಿ. ನನ್ನ ಕಡೆನ ಹಾಡು.”

ಶರಣುವಿನ ಮುಖ ಇಳಿಯಿತು. ಒಂದು ಮಾತೂ ವಾದಿಸದೆ, “ಹೌದೇನ್ರಿ? ಹಂಗಾದ್ರ ನಮ್ಮ ಗಾಡೀಲೆ ಬಿಟ್ಟು ಬರ್ತೀನ್ರಿ. ಅವರದು ತಪ್ಪಬಾರದು,” ಎಂದು ಕೀಲಿಕೈ ತರಲು ಕೆಳಗೆ ಇಳಿದ. ನೇತ್ರಾ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದಳು.

“ಅಕ್ಕಾ, ನಿಮ್ಮ ಮುಂದ ಒಂದು ಹೇಳಬೇಕ್ರಿ. ಸಿಟ್ಟಾಗಬ್ಯಾಡ್ರಿ. ಆ ಫೈಲ ನಾನ ತಂದೀನ್ರಿ.”

“ನೀನಾ?”

“ಹೋದ ತಿಂಗಳ ಹಾಡ ಹಾಕಿ ಕೊಟ್ಟಿದ್ರಲ್ಲಾ, ಆ ಪೆನ್‌ಡ್ರೈವಿನ್ಯಾಗ ಅದೂ ಇತ್ತು. ಧಾರಾವಾಹಿಯವರು ಯಾವ ಸಪ್ಪಳಾನೂ ಇಲ್ಲದ ಜಾಗಾದಾಗ ಹಾಡ್ರಿ ಅಂದ್ರು. ಆ ಮಾತ ನಿಮಗ ಹ್ಯಾಂಗ ಹೇಳ್ಲಿ? ಅದಕ್ಕ ಹೇಳದ ಬಂದೆ. ಬಂದಮ್ಯಾಲ ಕಾಲ ಕೈ ಆಡಲಿಲ್ರಿ. ಅಕ್ಕನ ಸೆಟ್ಟಿಂಗ್ ಇಲ್ದ ನನ್ನ ದನಿ ಚಲೋ ಬರಂಗಿಲ್ಲ, ಅದನ್ನ ಹಾಕ್ರಿ ಅಂತ ಹಠಾ ಹಿಡದೆ. ಶರಣು ಬ್ಯಾಡ ಅಂದ್ರೂ ಕೇಳಲಿಲ್ಲ. ನೀವು ಜೋಡಿ ಇದ್ದಂಗ ಆಗ್ತದ ಅಂತ.”

ಅವಳು ಕಣ್ಣೊರೆಸಿಕೊಂಡು ಬಾಗಿಲ ಕಡೆ ನಡೆದಳು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ. ಮೂರು ದಿನ ಇವಳನ್ನು ಅಳಿಸಿದ್ದು ನನ್ನ ಪ್ಲಗಿನ್, ಅದನ್ನು ಪ್ರೀತಿಯಿಂದ ಹೊತ್ತು ತಂದವಳು ಇವಳೇ. ನಾಚಿಕೆಯಾಯಿತು. ಹೊಟ್ಟೆಕಿಚ್ಚೇನೂ ಹೋಗಲಿಲ್ಲ, ಅದು ಅಲ್ಲೇ ಇತ್ತು, ಅದರ ಪಕ್ಕದಲ್ಲಿ ನಾಚಿಕೆಯೂ ಬಂದು ಕೂತಿತು.

“ತಡಿ,” ಎಂದೆ. “ಇನ್ನೊಂದು ನೋಡೂದು ಉಳದದ.”

ಪ್ಲಗಿನ್ ಮೇಲೆ ಮೌಸಿನ ಬಾಣ ಇಟ್ಟು ಕಿತ್ತು ಹಾಕಿದೆ. ಮೈಕಿನ ಮುಂದೆ ಹೋಗಿ ಚಪ್ಪಾಳೆ ತಟ್ಟಿದೆ. ಕೈ ಕೂಡಿದ ಗಳಿಗೆಯಲ್ಲೇ ಸದ್ದು ಕೇಳಿಸಿತು. ಕೀಲಿಕೈ ಹಿಡಿದು ಮೇಲೆ ಬಂದ ಶರಣುವಿಗೆ, “ಡಬ್ಬಿ ಕೆಟ್ಟಿಲ್ಲ ತಮ್ಮಾ. ನಾ ತಪ್ಪ ಹೇಳಿದೆ,” ಎಂದೆ. ಬೇಕಂತಲೇ ಹೇಳಿದೆ ಎಂದು ಬಾಯಿಗೆ ಬರಲಿಲ್ಲ. ಅವನು ನಕ್ಕು ಕುರ್ಚಿಯನ್ನು ನನಗೇ ಬಿಟ್ಟು ಪಕ್ಕದಲ್ಲಿ ನಿಂತ.

ನೇತ್ರಾ ಕಣ್ಣು ಮುಚ್ಚಿ ಹಾಡಿದಳು. ಒಂದೂ ತಾಳ ತಪ್ಪಲಿಲ್ಲ. ಎರಡು ಸಲ ಹಾಡಿಸಿದೆ, ಎರಡನೆಯದು ಚೆನ್ನಾಗಿ ಬಂತು. ಮೂರೂವರೆ ಆಗಿತ್ತು, ಕಳಿಸಲು ಇನ್ನೂ ಹೊತ್ತಿತ್ತು.

“ಅಕ್ಕಾರ, ಈಗ ನಿಮ್ಮ ಪ್ಲಗಿನ್ ತಿರುಗಿ ಹಾಕಿ ಕೇಳಸ್ರಿ,” ಎಂದ ಶರಣು.

“ಬ್ಯಾಡ. ಇಲ್ಲಿ ಮಗ್ಗ ಎಲ್ಲದಾವ? ಹಂಗ ಹಚ್ತೀನಿ.”

ಹಚ್ಚಿದೆ. ಎರಡು ದೊಡ್ಡ ಸ್ಪೀಕರುಗಳಿಂದ ನೇತ್ರಾಳ ದನಿ ಬಂತು. ನನಗೆ ಗೊತ್ತಿದ್ದ ದನಿ ಅದರಲ್ಲಿ ಇತ್ತು, ಆದರೆ ಅದರ ಕೆಳಗೆ ಇನ್ನೊಂದು ಇತ್ತು: ಎದೆಯೊಳಗಿನಿಂದ ಬರುವ, ಸ್ವಲ್ಪ ಒರಟಾದ, ಸಾಲಿನ ಕೊನೆಯಲ್ಲಿ ಉಸಿರಾಗಿ ನಿಲ್ಲುವ ದನಿ. ಮೂವತ್ತೈದು ಹಾಡಿನಲ್ಲಿ ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳು ನನ್ನೆದುರು ಹಾಡುವಾಗ ಅದರ ಮೇಲೆ ಹನ್ನೊಂದು ಮಗ್ಗ ಬಡಿಯುತ್ತಿದ್ದವು. ಆಮೇಲೆ ಮಗ್ಗ ತೆಗೆಯುವ ಭರದಲ್ಲಿ ನಾನು ಅದನ್ನೂ ತೆಗೆಯುತ್ತಿದ್ದೆ. ಜೋಳದಲ್ಲಿ ಹರಳು ಆರಿಸುವವಳು ಹರಳಿನ ಜೊತೆ ಕಾಳನ್ನೂ ಅಂಗಳಕ್ಕೆ ಎಸೆದ ಹಾಗೆ. ಬ್ಲಾಕ್ ಮಾಡಿದವನು ನಿಜವನ್ನೇ ಬರೆದಿದ್ದ. ಯಾರೋ ಬಂದು ಅವಳನ್ನು ನನ್ನಿಂದ ಕಸಿದುಕೊಳ್ಳುತ್ತಾರೆಂದು ಮೂರು ದಿನ ಉರಿದೆ, ಅವಳ ಅರ್ಧವನ್ನು ಕಸಿದವಳು ನಾನೇ ಆಗಿದ್ದೆ.

ಹಾಡು ಮುಗಿಯಿತು. ನೇತ್ರಾ ಸ್ಪೀಕರುಗಳ ಮುಂದೆ ನಿಂತೇ ಇದ್ದಳು.

“ಅಕ್ಕಾ,” ಎಂದಳು ಮೆಲ್ಲಗೆ. “ನನ್ನ ದನಿ ಮೊದಲಿಂದ ಹಿಂಗ ಇತ್ತೇನ್ರಿ?”

ಮೈಕು ದೊಡ್ಡದು, ಅದಕ್ಕೇ ಹಾಗೆ ಬಂತು ಎಂದು ಹೇಳಬಹುದಿತ್ತು. ಹೇಳಿದ್ದರೆ ನಂಬುತ್ತಿದ್ದಳು, ನನ್ನ ಮಾತೆಂದರೆ ಅವಳಿಗೆ ಅಷ್ಟು ನಂಬಿಕೆ.

“ಇತ್ತವಾ,” ಎಂದೆ. “ನಾನ ತಗದು ಹಾಕತಿದ್ದೆ.”

ಅವಳು ಸ್ಪೀಕರಿಗೆ ಇನ್ನೊಂದು ಹೆಜ್ಜೆ ಹತ್ತಿರ ಹೋದಳು. ಆಮೇಲೆ ಶರಣುವಿನ ಕಡೆ ತಿರುಗಿ, “ಇನ್ನೊಮ್ಮಿ ಹಚ್ರಿ,” ಎಂದಳು.

ನಾನು ಕುರ್ಚಿಯಿಂದ ಎದ್ದು ಅವನಿಗೆ ಜಾಗ ಕೊಟ್ಟೆ.